ಗೋಣಿ, ಬುತ್ತಿ, ಉಡಿ

ನಾಡಿನ ಚರಿತ್ರೆಯನ್ನು ಬರೆಯುವವರು ಕೋಟೆಯ ಸುತ್ತಳತೆಯನ್ನು ಹೇಳುತ್ತಾರೆ, ಗುಮ್ಮಟದ ಎತ್ತರವನ್ನು ಹೇಳುತ್ತಾರೆ, ಕಾಳಗ ನಡೆದ ಬಯಲನ್ನು ಬೆರಳಿಟ್ಟು ತೋರಿಸುತ್ತಾರೆ. ಆ ಕಾಳಗಕ್ಕೆ ಬಂದ ಜನ ಏನನ್ನು ಉಂಡರು, ಉಂಡದ್ದು ಯಾವುದರಲ್ಲಿ ಬಂತು ಎಂದು ವಿಚಾರಿಸುವವರು ವಿರಳ. 1565ರಲ್ಲಿ ವಿಜಯನಗರದ ಭಾಗ್ಯವನ್ನು ಮಗುಚಿದ ಯುದ್ಧಕ್ಕೆ ತಾಳಿಕೋಟೆಯ ಹೆಸರು ಅಂಟಿಕೊಂಡಿದೆ. ಆ ಊರು ಬಹುಕಾಲ ಮುದ್ದೇಬಿಹಾಳ ತಾಲೂಕಿಗೆ ಸೇರಿತ್ತು. ಅಷ್ಟು ದೊಡ್ಡ ದಂಡುಗಳ ಜೋಳವೂ ಕಡಲೆಯೂ ಉಪ್ಪೂ ಎತ್ತಿನ ಬೆನ್ನಿನ ಗೋಣಿಗಳನ್ನು ಬಿಟ್ಟರೆ ಮತ್ತಾವುದರಲ್ಲಿ ಬಂದೀತು? ಆನೆ ಕುದುರೆಗಳ ಲೆಕ್ಕವನ್ನು ನಾವು ಓದಿದ್ದೇವೆ. ಗೋಣಿಯ ಲೆಕ್ಕವನ್ನು ಓದಿದವರು ಯಾರು? ಆ ಗೋಣಿಯನ್ನೂ ಅದರ ಬಂಧುಬಳಗವನ್ನೂ ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ಹೇಳುವ ಸೀಮೆ ವಿಜಯಪುರ ಜಿಲ್ಲೆಯ ನಾಲ್ಕು ಹಳೆಯ ತಾಲೂಕುಗಳದು. ಇಂಡಿ, ಸಿಂದಗಿಗಳು ಭೀಮೆಯ ಕಡೆಗೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಕೃಷ್ಣೆಯ ಕಡೆಗೆ. ನಡುವೆ ಡೋಣಿ ಹರಿಯುತ್ತದೆ. ಶಾಸನಗಳ ಕಾಲದಲ್ಲಿ ಇದರ ಬಹುಭಾಗ ತರ್ದವಾಡಿ ಸಾಸಿರ ನಾಡು. ಎರೆಭೂಮಿ ಫಲವತ್ತಾದದ್ದು, ಮಳೆ ಮಾತ್ರ ನಂಬಿಕೆಗೆ ಅರ್ಹವಲ್ಲ. 'ಡೋಣಿ ಬೆಳೆದರೆ ಓಣಿಯೆಲ್ಲಾ ಜೋಳ' ಎಂಬ ಗಾದೆಯನ್ನು ಹೊರಗಿನವರು ಸಮೃದ್ಧಿಯ ವರ್ಣನೆಯೆಂದು ಎತ್ತಿ ಹೇಳುತ್ತಾರೆ. ಆ 'ಬೆಳೆದರೆ' ಎಂಬ ಮಾತಿನಲ್ಲಿಯೇ ಈ ಸೀಮೆಯ ಭಯವೆಲ್ಲ ಅಡಗಿದೆಯೆಂಬುದನ್ನು ಇಲ್ಲಿ ಹುಟ್ಟಿದವರು ಬಲ್ಲರು.

ಇಂತಹ ನಾಡಿನಲ್ಲಿ ಚೀಲಕ್ಕೆ ಎಷ್ಟು ಹೆಸರು ನೋಡಿರಿ. ಕಾಳಿಗೆ ಗೋಣಿ, ಸಂತೆಗೆ ಕೈಚೀಲ, ಎಲೆ ಅಡಕೆಗೆ ಸಂಚಿ, ಹೊಗೆಸೊಪ್ಪಿಗೆ ಚಂಚಿ, ಭಿಕ್ಷೆಗೆ ಜೋಳಿಗೆ, ಶಾಲೆಯ ಹುಡುಗನಿಗೆ ಪಾಟಿಚೀಲ. ಎಣ್ಣೆ ತುಪ್ಪಗಳಿಗೆ ತೊಗಲಿನ ಸಿದ್ದಿಗೆ. ನೀರಿಗೆ ಎತ್ತಿನ ಮೇಲೆ ಹೇರುವ ತೊಗಲಿನ ಪಖಾಲಿ. ಹೊಲಿಗೆಯೇ ಇಲ್ಲದ ಚೀಲಗಳೂ ಎರಡುಂಟು: ಅರಿವೆಯಲ್ಲಿ ರೊಟ್ಟಿ ಸುತ್ತಿ ಬಿಗಿದ ಬುತ್ತಿಯ ಗಂಟು, ಹೆಣ್ಣುಮಕ್ಕಳು ಸೀರೆಯನ್ನೇ ಮಡಚಿ ಮಾಡಿಕೊಳ್ಳುವ ಉಡಿ. ಬುತ್ತಿ ಎಂಬುದು ಸಂಸ್ಕೃತದ 'ಭುಕ್ತಿ'ಯಿಂದ ಬಂದ ತದ್ಭವವೆಂದು ಕಿಟೆಲ್ಲರು ಹೇಳಿದ್ದಾರೆ. ಸೆರಗಿನ ಗಂಟಿಗೆ ಅಷ್ಟು ದೊಡ್ಡ ಮನೆತನವಿದೆಯೆಂದು ಗಂಟು ಕಟ್ಟುವವರಿಗೆ ಗೊತ್ತಿರಲಾರದು, ಗೊತ್ತಾಗುವ ಅಗತ್ಯವೂ ಇಲ್ಲ.

ಗೋಣಿ ಅದಕ್ಕಿಂತಲೂ ಹಳೆಯದು. ಪಾಣಿನಿಯ ಸೂತ್ರವೊಂದು 'ಗೋಣೀ' ಎಂಬ ರೂಪವನ್ನು ಕಾಳು ತುಂಬುವ ಚೀಲವೆಂಬ ಅರ್ಥಕ್ಕೆ ಕಟ್ಟಿಕೊಡುತ್ತದೆ. ಇಂಗ್ಲಿಷರು ನಮ್ಮ ದೇಶದಿಂದ ಕೊಂಡೊಯ್ದ 'ಗನಿ' ಎಂಬ ಶಬ್ದ ಇದರದೇ ಸಂತಾನ. ಹಳಗನ್ನಡದಲ್ಲಿ 'ಪಸುಂಬೆ' ಎಂಬ ಇನ್ನೊಂದು ಮಾತಿದೆ, ಮುಂದೆ ಹಸುಂಬೆ, ಹಸುಬೆ ಎಂದಾಯಿತು. ಹೆಗಲಿನ ಮೇಲೆ ಇಲ್ಲವೆ ಎತ್ತಿನ ಬೆನ್ನ ಮೇಲೆ ಇಬ್ಬದಿಗೂ ಇಳಿಬೀಳುವ ಉದ್ದನೆಯ ಚೀಲ. ಕೃಷ್ಣೆಯ ಆಚೆಗಿರುವ ಐಹೊಳೆಯ ಹೆಸರನ್ನು ಹೊತ್ತು ದಕ್ಷಿಣಾಪಥವನ್ನೆಲ್ಲ ಸುತ್ತಿದ ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘದವರು ತಮ್ಮ ಪ್ರಶಸ್ತಿಗಳಲ್ಲಿ ಚೀಲವನ್ನು ಮರೆತಿಲ್ಲ. ಶಿಕಾರಿಪುರ ತಾಲೂಕಿನ ಶಾಸನವೊಂದರಲ್ಲಿ ಅವರು ಭೂಮಂಡಲವನ್ನೇ ತಮ್ಮ ಚೀಲವಾಗಿ ಕಲ್ಪಿಸಿಕೊಂಡಿದ್ದಾರೆ. ಅದರ ಮೂಲೆಯ ಗೊಂಡೆಗಳಿಗೂ ಬಿಗಿಯುವ ಹಗ್ಗಕ್ಕೂ ದಿಕ್ಪಾಲಕರನ್ನೂ ನಾಗಕುಲವನ್ನೂ ಕರೆತಂದಿದ್ದಾರೆ. ರಾಜರ ಪ್ರಶಸ್ತಿಗಳಲ್ಲಿ ಭೂಮಿ ಹೆಂಡತಿಯಾಗುತ್ತದೆ, ವರ್ತಕರಲ್ಲಿ ಚೀಲವಾಗುತ್ತದೆ. ನನಗೆ ಎರಡನೆಯ ಉಪಮೆಯೇ ಹೆಚ್ಚು ಪ್ರಾಮಾಣಿಕವಾದದ್ದೆಂದು ತೋರುತ್ತದೆ.

ಬಂಗಾಳದ ಸೆಣಬಿನ ಗೋಣಿ ಈ ಕಡೆಗೆ ಬಂದದ್ದು ಈಚೆಗೆ. ಕಲಕತ್ತೆಯ ಹತ್ತಿರ ರಿಷ್ರಾದಲ್ಲಿ ಮೊದಲ ಸೆಣಬಿನ ಗಿರಣಿ ತೆರೆದದ್ದು 1855ರಲ್ಲಿ. ಅದಕ್ಕೂ ಮೊದಲು ಗೋಣಿ ನಮ್ಮ ಹೊಲದ ಬದುವಿನಲ್ಲಿಯೇ ಬೆಳೆಯುತ್ತಿತ್ತು. ಜೋಳದ ಹೊಲದ ಅಂಚಿಗೆ ಸಾಲು ಹಿಡಿದು ಹಾಕುತ್ತಿದ್ದ ಪುಂಡಿಯ ಎಲೆ ಒಲೆಗೆ, ನಾರು ಗೋಣಿಗೆ. ಎಳೆಯದಾಗಿದ್ದಾಗ ಪುಂಡಿಪಲ್ಲೆಯಾಗಿ ರೊಟ್ಟಿಯ ಮೇಲೆ ಕುಳಿತ ಗಿಡವೇ ಬಲಿತ ಮೇಲೆ ನೀರಿನಲ್ಲಿ ಕೊಳೆತು, ನಾರಾಗಿ, ಹುರಿಯಾಗಿ, ಅದೇ ಹೊಲದ ಜೋಳವನ್ನು ತುಂಬಿಕೊಳ್ಳುತ್ತಿತ್ತು. ಹಳೆಯ ಮೈಸೂರಿನ ಕಡೆಗೆ ಗೋಣಿ ನೇಯುವವರಿಗೆ ಗೋಣಿಗರೆಂಬ ಹೆಸರೇ ಇತ್ತು. ಗಿರಣಿಯ ಚೀಲ ಅಗ್ಗವಾಗಿ ಬಂದಮೇಲೆ ಪುಂಡಿಯ ನಾರು ಹಗ್ಗಕ್ಕಷ್ಟೇ ಉಳಿಯಿತು. ಎಲೆ ಮಾತ್ರ ತನ್ನ ಪಟ್ಟವನ್ನು ಬಿಟ್ಟುಕೊಡಲಿಲ್ಲ.

ಕಾಳನ್ನು ಕಾಯ್ದಿಡುವುದಕ್ಕೆ ಗೋಣಿಯೊಂದೇ ಸಾಧನವಾಗಿರಲಿಲ್ಲ. ಈ ಸೀಮೆಯ ಮುಖ್ಯ ಉಗ್ರಾಣ ಹಗೇವು. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ತೋಡಿದ ಗುಂಡಿ. ಒಳಗೆ ಸುತ್ತಲೂ ಜೋಳದ ಕಣಿಕೆ, ಹೊಟ್ಟು. ಮೇಲೆ ಕಲ್ಲು, ಮಣ್ಣು. ಗಾಳಿ ನೀರು ಸೋಕದಿದ್ದರೆ ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ತೆರೆಯುವುದೇ ಅಪಾಯದ ಕೆಲಸ. ಕೆಟ್ಟ ಗಾಳಿ ಹೊರಟುಹೋಗುವವರೆಗೆ ಕಾಯಬೇಕು, ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಅವಸರಪಟ್ಟು ಇಳಿದು ಸತ್ತವರ ಕಥೆಯನ್ನು ಪ್ರತಿಯೊಂದು ಊರೂ ಹೇಳುತ್ತದೆ. ಡೋಣಿಯ ದಂಡೆಯ ನಮ್ಮ ಮನೆಯಲ್ಲಿ ಹಗೇವು ಮುಚ್ಚಿಹೋದ ಮೇಲೂ ನಮ್ಮ ಆಯಿ ಅದರ ಮಾತನ್ನು ಬಿಟ್ಟಿರಲಿಲ್ಲ. "ಹಗೇವಿನಾಗಿನ ಜ್ವಾಳ ಊರಾಗ ಇದ್ದವರಿಗೆ, ತಮ್ಮಾ. ಊರು ಬಿಟ್ಟವರಿಗೆ ಚೀಲದಾಗ ಇದ್ದದ್ದಷ್ಟ ಖರೆ" ಎನ್ನುತ್ತಿದ್ದಳು. ಬಾಲ್ಯದಲ್ಲಿ ಅದು ಮುದುಕಿಯ ಮಾತೆಂದು ಕಿವಿಯ ಮೇಲೆ ಹಾದುಹೋಯಿತು. ಜಿಲ್ಲೆಯ ಇತಿಹಾಸವನ್ನು ಓದತೊಡಗಿದ ಮೇಲೆ, ನೆಲದೊಳಗಿನ ಕಾಳಿಗೂ ಬೆನ್ನ ಮೇಲಿನ ಕಾಳಿಗೂ ಇರುವ ಈ ಅಂತರವೇ ಇಲ್ಲಿಯ ಬಡವನ ಚರಿತ್ರೆಯೆಂದು ಕಾಣತೊಡಗಿತು.

ಬೆನ್ನ ಮೇಲಿನ ಕಾಳಿನ ಒಡೆಯರು ಲಂಬಾಣಿಗರು. ಹದಿನೇಳನೆಯ ಶತಮಾನದಲ್ಲಿ ಬಂದ ಫ್ರೆಂಚ್ ಪ್ರವಾಸಿ ತವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳ ಒಂದೊಂದು ತಂಡವನ್ನು ಕುರಿತು ಬರೆದಿದ್ದಾನೆ. ದಾರಿ ಇಕ್ಕಟ್ಟಾಗಿದ್ದರೆ ಪ್ರಯಾಣಿಕರು ಆ ಮೆರವಣಿಗೆ ದಾಟುವವರೆಗೆ ನಿಲ್ಲಬೇಕಾಗುತ್ತಿತ್ತಂತೆ. ಕರಾವಳಿಯ ಉಪ್ಪು ಘಟ್ಟ ಹತ್ತಿ ಬರುತ್ತಿದ್ದುದು, ಎರೆಸೀಮೆಯ ಕಾಳು ಇಳಿದುಹೋಗುತ್ತಿದ್ದುದು ಅವರ ಗೋಣಿಗಳಲ್ಲಿ. ಒಂದು ಎತ್ತು ಹೊರುವಷ್ಟು ಭಾರಕ್ಕೆ 'ಹೇರು' ಎಂದು ಹೆಸರು, ಶಾಸನಗಳ ಸುಂಕವೂ ಹೇರಿನ ಲೆಕ್ಕದಲ್ಲಿಯೇ. ಗದಗ-ಹೊಟಗಿ ರೈಲುಮಾರ್ಗ 1880ರ ದಶಕದಲ್ಲಿ ವಿಜಾಪುರವನ್ನು ಹಾಯ್ದು ಹೋದ ಮೇಲೆ ಆ ಎತ್ತುಗಳಿಗೆ ಕೆಲಸವಿಲ್ಲದಾಯಿತು. ಮುದ್ದೇಬಿಹಾಳ ಸೀಮೆಯ ತಾಂಡಾಗಳಲ್ಲಿ ಕೌದಿಯಂತೆ ಒತ್ತಾಗಿ ಹೊಲಿದು ಕವಡೆ ಕಟ್ಟಿದ ಚೀಲಗಳನ್ನು ನಾನು ನೋಡಿದ್ದೇನೆ. ಸಂಗ್ರಹಾಲಯದವರಿಗೆ ಅದು ಕಸೂತಿ. ಅವರ ಹಿರಿಯರಿಗೆ ಅದು ಅನ್ನದ ಮಾರ್ಗ.

ರೈಲು ತಡವಾಗಿ ಬಂತು. 1876-78ರ ಮಹಾಕ್ಷಾಮದಲ್ಲಿ ಅದು ಇರಲಿಲ್ಲ. ಅಂದಿಗೆ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರದೇಶದ ಜನಸಂಖ್ಯೆ 1872ರ ಗಣತಿಗೂ 1881ರ ಗಣತಿಗೂ ನಡುವೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಇಳಿದುಹೋಯಿತು. ಎತ್ತುಗಳು ಸತ್ತಿದ್ದವು, ಹೊರುವ ಬೆನ್ನಿಲ್ಲದೆ ಗೋಣಿ ಇದ್ದೂ ಏನು? ಹಗೇವುಳ್ಳವರು ಬಾಯಿ ಮುಚ್ಚಿ ಕುಳಿತರು, ಇಲ್ಲದವರು ಗಂಟು ಕಟ್ಟಿಕೊಂಡು ಹೊರಟರು. ಹಾಗೆ ಹೊರಡುವುದಕ್ಕೆ ನಮ್ಮಲ್ಲಿ 'ಗುಳೆ' ಎನ್ನುತ್ತಾರೆ.

ಇನ್ನು ಅಡುಗೆಯ ಮನೆಗೆ ಬರೋಣ. ಇಲ್ಲಿ ಚೀಲ ತುಂಬಿಡುವ ಸಾಧನವಷ್ಟೇ ಅಲ್ಲ, ಬೇಯಿಸುವ ಮುನ್ನಿನ ಅರ್ಧ ಕೆಲಸವನ್ನು ಅದೇ ಮಾಡುತ್ತದೆ. ನೆನೆದ ಮಡಕಿಕಾಳನ್ನು ಒದ್ದೆಯ ಅರಿವೆಯಲ್ಲಿ ಬಿಗಿದು ತೂಗುಹಾಕಿದರೆ ಬೆಳಗಾಗುವಷ್ಟರಲ್ಲಿ ಮೊಳಕೆ ಅರಿವೆಯನ್ನು ತೂರಿ ಹೊರಗೆ ಇಣುಕುತ್ತದೆ. ಮೊಸರನ್ನು ಗಂಟು ಕಟ್ಟಿ ನೀರು ಇಳಿಸಿದರೆ ಶ್ರೀಖಂಡಕ್ಕೆ ಚಕ್ಕೆ ಸಿದ್ಧ. ಕುರಡಗಿಗೆಂದು ಗೋಧಿಯನ್ನು ಮೂರು ದಿನ ನೆನೆಹಾಕಿ, ರುಬ್ಬಿ, ಅರಿವೆಯಲ್ಲಿ ಹಿಂಡಿ ಹಾಲು ತೆಗೆಯುತ್ತಾರೆ. ಸುಗ್ಗಿಗೆ ಮುನ್ನ ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಗೋಣಿತಟ್ಟಿನ ಮೇಲೆ ತಿಕ್ಕಿ ಕಾಳು ಬಿಡಿಸಿದರೆ ಅದೇ ಸೀತನಿ. 'ಸಿಹಿ ತೆನೆ'ಯೇ ಸೀತನಿಯಾಯಿತೆಂದು ಹೇಳುತ್ತಾರೆ. ಬಿಸಿ ಕಾಳಿಗೆ ಹತ್ತಿದ ಗೋಣಿಯ ವಾಸನೆಯಿಲ್ಲದೆ ಸೀತನಿಗೆ ರುಚಿಯಿಲ್ಲವೆಂಬುದು ನನ್ನ ಪಕ್ಷ. ತಟ್ಟೆಯಲ್ಲಿ ತಿನ್ನುವವರು ಒಪ್ಪಲಾರರು. ಅಂದಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದು ಬೀಸುವ ಕಲ್ಲಿನ ದನಿಯನ್ನು ಉಳಿಸಿಕೊಟ್ಟರು. ಆ ಕಲ್ಲಿನ ಪಕ್ಕದಲ್ಲಿ ಬಾಯಿ ಮಡಚಿ ಕುಳಿತಿದ್ದ ಚೀಲವನ್ನು ಕುರಿತು ಬರೆದವರು ಕಡಿಮೆ.

ಉಡಿಯ ಮಾತು ಬೇರೆ. ಕೂರಿಗೆಯ ಹಿಂದೆ ಬೀಜ ಬಿಡುವ ಹೆಣ್ಣುಮಗಳ ಬೀಜ ಉಡಿಯಲ್ಲಿ, ಬಿಡಿಸಿದ ಹತ್ತಿ ಉಡಿಯಲ್ಲಿ, ತವರಿನಿಂದ ಹೊರಟವಳಿಗೆ ತುಂಬುವ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣಬೇರು ಉಡಿಯಲ್ಲಿ. ಕೊಯ್ಲಾದ ಹೊಲದಲ್ಲಿ ಬಡವರ ಹೆಣ್ಣುಮಕ್ಕಳು ಹಕ್ಕಲು ಆಯುತ್ತಿದ್ದುದೂ ಉಡಿಯಲ್ಲಿಯೇ. ಬಿದ್ದ ತೆನೆ ಎತ್ತಿದರೆ ಹೊಲದವನು ಬೈಯುತ್ತಿರಲಿಲ್ಲ. ಉಡಿ ಎಷ್ಟು ಉಬ್ಬಿದೆಯೆಂದು ಓರೆಗಣ್ಣಿನಿಂದ ನೋಡುತ್ತಿದ್ದ. ಈ ಉಬ್ಬಿನ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದ ಒಬ್ಬ ಹೆಣ್ಣುಮಗಳು ತನಗೆ ತಾನೇ ಕೇಳಿಕೊಂಡಳು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕಲ್ಯಾಣದಲ್ಲಿದ್ದ ಕಾಲ. ಆಯ್ದಕ್ಕಿ ಮಾರಯ್ಯನ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಎಂದಿನದಕ್ಕಿಂತ ಹೆಚ್ಚು ತಂದನು; ಲಕ್ಕಮ್ಮ ಆ ಹೆಚ್ಚಳವನ್ನು ಒಳಗೆ ತೆಗೆದುಕೊಳ್ಳದೆ, ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಪರೀಕ್ಷೆಗೆಂದು ಬಸವಣ್ಣನವರೇ ಹೆಚ್ಚು ಅಕ್ಕಿ ಚೆಲ್ಲಿಸಿದ್ದರೆಂದು ಹೇಳುವವರಿದ್ದಾರೆ. ತುಂಬಿ ಬಂದ ಚೀಲವನ್ನು ಬರಿದುಮಾಡಿಸಿದ ಗೃಹಿಣಿ ಬೇರೆ ಯಾವ ಸಾಹಿತ್ಯದಲ್ಲಿದ್ದಾಳೋ, ತಿಳಿದವರು ಹೇಳಬೇಕು.

ಜಂಗಮರ ಜೋಳಿಗೆಯೂ ಈ ಸೀಮೆಗೆ ಚಿರಪರಿಚಿತ. ಅದಕ್ಕೆ ನಮ್ಮ ಕಾಲದಲ್ಲಿ ಹೊಸ ಅರ್ಥ ಬಂತು. ಇಲಕಲ್ಲಿನ ಮಹಾಂತ ಸ್ವಾಮಿಗಳು 1970ರ ದಶಕದಲ್ಲಿ ಊರೂರು ತಿರುಗಿ, ಕಾಳನ್ನು ಬೇಡದೆ, ಜನರ ಕುಡಿತವನ್ನೂ ಇತರ ಚಟಗಳನ್ನೂ ಜೋಳಿಗೆಗೆ ಹಾಕಿಸಿಕೊಂಡರು. 'ಮಹಾಂತ ಜೋಳಿಗೆ' ಎಂದೇ ಅದು ಹೆಸರಾಯಿತು.

ಅದೇ ದಶಕದ ಆರಂಭದಲ್ಲಿ ನಾನು ಹುಡುಗ. 1972ರ ಬರ. ಅಲ್ಲಿಯವರೆಗೆ ಸುಗ್ಗಿಯ ನಂತರ ಊರಿನಿಂದ ತುಂಬಿದ ಚೀಲಗಳು ಹೊರಗೆ ಹೋಗುವುದನ್ನು ಕಂಡಿದ್ದೆ. ಆ ವರ್ಷ ಬಂಡಿಗಳಲ್ಲಿ ಚೀಲಗಳು ಒಳಗೆ ಬಂದವು. ಒಳಗಿದ್ದದ್ದು ಕಡಲಾಚೆಯ ಕೆಂಪು ಜೋಳ. ಆ ಹಿಟ್ಟಿಗೆ ಜಿಗಿಯಿಲ್ಲ, ರೊಟ್ಟಿ ಬಡಿದರೆ ಅಂಚು ಸೀಳುತ್ತದೆ. ಬಿಳಿಜೋಳದ ರೊಟ್ಟಿಯನ್ನು ಕಣ್ಣುಮುಚ್ಚಿ ಬಡಿಯುತ್ತಿದ್ದ ನಮ್ಮ ಆಯಿ ಆ ಹಿಟ್ಟಿನ ಮುಂದೆ ಸುಮ್ಮನೆ ಕುಳಿತಿದ್ದಳು. ಬೈಯಲಿಲ್ಲ; ಚೀಲವನ್ನು ಕೊಡವಿ, ಒಗೆದು, ಮಡಚಿಟ್ಟಳು. ಮುಂದೆ ಅದು ಎತ್ತಿನ ಮೈಗೆ ಹೊದಿಕೆಯಾಯಿತು, ಮಳೆಗೆ ಕೊಪ್ಪೆಯಾಯಿತು, ಕೊನೆಗೆ ಬಾಗಿಲಲ್ಲಿ ಕಾಲೊರಸಾಯಿತು. ಅದಕ್ಕೂ ಹಿಂದೆ, 1956ರ ಒಪ್ಪಂದದಂತೆ ಬಂದ ಅಮೆರಿಕದ ಗೋಧಿಯ ಚೀಲಗಳ ಮೇಲೆ ಎರಡು ಕೈಗಳು ಪರಸ್ಪರ ಹಿಡಿದ ಚಿತ್ರವಿರುತ್ತಿತ್ತು. ಕೊಡುವ ಕೈ ಯಾವುದು, ಬೇಡುವ ಕೈ ಯಾವುದೆಂದು ಚಿತ್ರದಲ್ಲಿ ತಿಳಿಯುತ್ತಿರಲಿಲ್ಲ.

ಪೇಟೆಯಲ್ಲಿ ಚೀಲಕ್ಕೆ ಬಾರದಾನವೆಂದು ಹೆಸರು. ರೈತ ತಂದ ಕಾಳಿನ ತೂಕದಲ್ಲಿ ಬಾರದಾನದ ತೂಕ ಕಳೆಯುತ್ತಾರೆ; ಮೊನೆಯುಳ್ಳ ಪೊಳ್ಳು ಕೊಳವೆಯಿಂದ ಚೀಲವನ್ನು ಚುಚ್ಚಿ ಕಾಳು ನೋಡುತ್ತಾರೆ; ನೋಡಿದ ಕಾಳು ಚೀಲಕ್ಕೆ ಮರಳುವುದು ಅಪರೂಪ. ಆದರೂ ರೈತನ ಲೆಕ್ಕ ಚೀಲದ್ದೇ. ಕ್ವಿಂಟಲು ಬಂದು ಅರವತ್ತು ವರ್ಷ ದಾಟಿದರೂ ಎಕರೆಗೆ ಎಷ್ಟು ಚೀಲವೆಂದೇ ಅವನು ಹೇಳುತ್ತಾನೆ. ಆ ನೂರು ಕಿಲೋ ಚೀಲವನ್ನು ಬೆನ್ನಿನ ಮೇಲೆ ಹೊತ್ತವನು ಹಮಾಲ. ಮನುಷ್ಯ ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿತ್ತು. ಐವತ್ತು ಕಿಲೋ ಚೀಲ ರೂಢಿಗೆ ಬರುವಷ್ಟರಲ್ಲಿ ಎಷ್ಟೋ ಬೆನ್ನುಗಳು ಬಾಗಿಹೋಗಿದ್ದವು. ಸೆಣಬನ್ನು ಕಾಪಾಡಲು 1987ರಲ್ಲಿ ಕಾಯಿದೆ ಬಂತು. ಪ್ಲಾಸ್ಟಿಕ್ ಕೈಚೀಲವನ್ನು ಕರ್ನಾಟಕ ಸರಕಾರ 2016ರಲ್ಲಿ ನಿಷೇಧಿಸಿತು. ಆದರೂ ಇಂದಿನ ಸಂತೆಗಳಲ್ಲಿ ನೈಲಾನ್ ಹೊಳಪಿನ ಚೀಲವೇ ಹೆಚ್ಚು. ಅದು ಹಗುರ, ನೀರಿಗೆ ಜಗ್ಗದು, ಆದರೆ ಕಾಳಿಗೆ ಉಸಿರಾಡಲು ಬಿಡದು.

ಹಗೇವುಗಳು ಈಗ ಬಹುಮಟ್ಟಿಗೆ ಮಣ್ಣಾಗಿವೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಅಣೆಕಟ್ಟು ತುಂಬಿದಾಗ ಕೃಷ್ಣೆಯ ದಂಡೆಯ ಹಳೆಯ ಊರುಗಳೊಡನೆ ಅವುಗಳ ಹಗೇವುಗಳೂ ಹಿನ್ನೀರಿನ ಅಡಿಗೆ ಹೋದವು. ಹೊಸ ಊರಿಗೆ ಹೋದದ್ದು ಚೀಲದಲ್ಲಿ ಹಿಡಿಸಿದಷ್ಟೇ. ನೀರು ಬಂದ ಹೊಲಗಳಲ್ಲಿ ಕಬ್ಬು ನಿಂತಿದೆ, ಇಂಡಿಯ ಲಿಂಬೆ ಚೀಲ ತುಂಬಿ ದೂರದ ಪೇಟೆಗಳಿಗೆ ಹೋಗುತ್ತದೆ. ನೀರು ಬಾರದ ಹಳ್ಳಿಗಳಿಂದ ಗುಳೆ ನಿಂತಿಲ್ಲ. ಹಿಂಗಾರಿ ಕೈಕೊಟ್ಟ ವರ್ಷ ಸಿಂದಗಿಯ, ಮುದ್ದೇಬಿಹಾಳದ ಬಸ್ ನಿಲ್ದಾಣಗಳಲ್ಲಿ ಗೋವೆಗೆ, ಮಂಗಳೂರಿಗೆ, ಮಹಾರಾಷ್ಟ್ರಕ್ಕೆ ಹೊರಟವರ ಚೀಲಗಳನ್ನು ನೋಡಬಹುದು. ಒಂದರಲ್ಲಿ ಜೋಳದ ಹಿಟ್ಟು, ಒಂದರಲ್ಲಿ ತಿಂಗಳಾದರೂ ಕೆಡದ ಕಡಕ್ ರೊಟ್ಟಿ, ಅದರ ಪಕ್ಕಕ್ಕೆ ಶೇಂಗಾ ಹಿಂಡಿಯ ಪೊಟ್ಟಣ. ಮನೆಯಲ್ಲಿ ಉಳಿಯುವ ಮುದುಕರಿಗೆಂದು ಇನ್ನೊಂದು ಚೀಲ ತುಂಬಿ, ದಬ್ಬಣ ಸುತಳಿಯಿಂದ ಬಾಯಿ ಹೊಲಿದು ಗೋಡೆಗೆ ಆನಿಸಿಟ್ಟಿರುತ್ತಾರೆ. ಆ ಚೀಲದ ತಳ ಕಾಣುವುದರೊಳಗೆ ಮರಳಿ ಬರಬೇಕೆಂಬ ಲೆಕ್ಕ ಹಾಕಿಯೇ ಅವರು ಬಸ್ಸು ಹತ್ತಿರುತ್ತಾರೆ.