ಮನೆಯಿಂದ ಕಚೇರಿಯ ಗಣಕಯಂತ್ರಕ್ಕೆ: ಎರಡು ಪರದೆಗಳ ಬಳಕೆ

ಕಚೇರಿಯಲ್ಲಿರುವ ಗಣಕಯಂತ್ರವನ್ನು ಮನೆಯಿಂದಲೇ ನಿರ್ವಹಿಸಲು ವಿಂಡೋಸ್‌ನಲ್ಲಿರುವ ಸೌಲಭ್ಯಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎಂದು ಹೆಸರು. ಕನ್ನಡ ಮಾಧ್ಯಮದಲ್ಲಿ ಕಲಿತು ದೂರದ ನಗರಗಳಲ್ಲಿ ಉದ್ಯೋಗ ಪಡೆದ ನಮ್ಮ ಮಕ್ಕಳು ಊರಿನಲ್ಲಿದ್ದೇ ದುಡಿಯಲು ಇದು ನೆರವಾಗುತ್ತದೆ. ಕಾಸರಗೋಡಿನ ಶಾಲೆಗಳಲ್ಲಿ ಮಲಯಾಳ ಸುತ್ತೋಲೆಗಳನ್ನು ಕನ್ನಡಕ್ಕೆ ತರುವ ನಮ್ಮಂತಹ ಅಧ್ಯಾಪಕರಿಗೂ ಎರಡು ಪರದೆಗಳು ಆಡಂಬರವಲ್ಲ. ಒಂದೇ ಪರದೆಯಲ್ಲಿ ಮೂಲವನ್ನೂ ಅನುವಾದವನ್ನೂ ಅದಲು ಬದಲು ಮಾಡುವಾಗ ಒಂದು ದಿನಾಂಕ ಕಣ್ತಪ್ಪಿದರೆ ಮಗುವಿನ ವಿದ್ಯಾರ್ಥಿವೇತನದ ಅರ್ಜಿಯೇ ಕೈತಪ್ಪಬಹುದು.

ಮೂಲತತ್ತ್ವ: ಇಲ್ಲಿ ಲೆಕ್ಕಕ್ಕೆ ಬರುವುದು ಮನೆಯ ಯಂತ್ರಕ್ಕೆ ಜೋಡಿಸಿದ ಪರದೆಗಳೇ ಹೊರತು ಕಚೇರಿಯವಲ್ಲ. ಕಚೇರಿಯಲ್ಲಿ ಒಂದೇ ಪರದೆಯಿದ್ದರೂ ಮನೆಯಲ್ಲಿ ಎರಡನ್ನು ಬಳಸಬಹುದು. ಕಚೇರಿಯ ಯಂತ್ರದಲ್ಲಿ ವಿಂಡೋಸ್‌ನ ಪ್ರೊ ಅಥವಾ ಎಂಟರ್‌ಪ್ರೈಸ್‌ನಂತಹ ಆವೃತ್ತಿ ಇರಬೇಕು. ಹೋಮ್ ಆವೃತ್ತಿಯಿಂದ ಸಂಪರ್ಕಿಸಬಹುದು, ಅದನ್ನು ಸಂಪರ್ಕಿಸಲಾಗದು.

ವಿಧಾನ: ಮೊದಲು ವಿಂಡೋಸ್ ಕೀಲಿಯೊಡನೆ ‘ಪಿ’ ಒತ್ತಿ, ‘ಎಕ್ಸ್‌ಟೆಂಡ್’ ಆರಿಸಬೇಕು. ಬಳಿಕ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ತೆರೆದು, ‘ಶೋ ಆಪ್ಷನ್ಸ್’ ಒತ್ತಿ, ‘ಡಿಸ್‌ಪ್ಲೇ’ ವಿಭಾಗದಲ್ಲಿ ಎಲ್ಲ ಮಾನಿಟರ್‌ಗಳನ್ನು ಬಳಸುವ ಚೌಕಕ್ಕೆ ಗುರುತು ಹಾಕಿ ಸಂಪರ್ಕಿಸಬೇಕು. ಈ ಸೌಲಭ್ಯ 2009ರಲ್ಲಿ ವಿಂಡೋಸ್ 7ರೊಂದಿಗೆ ಬಂದಿತು. ಅದಕ್ಕೂ ಹಿಂದಿನ ‘ಸ್ಪ್ಯಾನ್’ ವಿಧಾನ ಎಲ್ಲ ಪರದೆಗಳನ್ನೂ ಒಂದೇ ಅಗಲ ಪರದೆಯೆಂದು ಭಾವಿಸುತ್ತಿತ್ತು. ಈಗ ಪ್ರತಿಯೊಂದೂ ಸ್ವತಂತ್ರ ಪರದೆಯಾಗಿಯೇ ಉಳಿಯುತ್ತದೆ.

ಮೂರು ಪರದೆಗಳಲ್ಲಿ ಎರಡನ್ನಷ್ಟೇ ಬಳಸುವುದಾದರೆ, ಸಂಪರ್ಕದ ವಿವರಗಳನ್ನು ಕಡತವಾಗಿ ಉಳಿಸಿ, ನೋಟ್‌ಪ್ಯಾಡ್‌ನಲ್ಲಿ ತೆರೆದು, ‘ಸೆಲೆಕ್ಟೆಡ್‌ಮಾನಿಟರ್ಸ್’ ಸಾಲಿನಲ್ಲಿ ಬೇಕಾದ ಪರದೆಗಳ ಸಂಖ್ಯೆ ನಮೂದಿಸಬೇಕು. ಆರಿಸಿದ ಪರದೆಗಳು ಒಂದಕ್ಕೊಂದು ತಾಗಿರಬೇಕು. ಪೂರ್ಣ ಪರದೆಯಿಂದ ಹೊರಬರಲು ಕಂಟ್ರೋಲ್, ಆಲ್ಟ್, ಬ್ರೇಕ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು.

ಕನ್ನಡಿಗರು ಗಮನಿಸಬೇಕಾದುದು: ದೂರದ ಕಡತಗಳ ಅಕ್ಷರಗಳು ಕಚೇರಿಯ ಯಂತ್ರದಲ್ಲಿಯೇ ರೂಪುಗೊಳ್ಳುತ್ತವೆ. ಆದ್ದರಿಂದ ಬೇಕಾದ ಕನ್ನಡ ಅಕ್ಷರಶೈಲಿ ಅಲ್ಲಿರಬೇಕು, ಮನೆಯಲ್ಲಿದ್ದರೆ ಸಾಲದು. ಯುನಿಕೋಡ್ ಬಳಸಿದರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ.

ಎಚ್ಚರಿಕೆ: ಪರದೆ ಹೆಚ್ಚಿದಂತೆ ಅಂತರ್ಜಾಲದ ಹೊರೆಯೂ ಹೆಚ್ಚುತ್ತದೆ. ಸಂಪರ್ಕ ನಿಧಾನವಾದರೆ ಬಣ್ಣದ ಗುಣಮಟ್ಟವನ್ನೂ ಹಿನ್ನೆಲೆ ಚಿತ್ರವನ್ನೂ ಕಡಿಮೆ ಮಾಡಬಹುದು. ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಸಂಖ್ಯೆಯ ಪೋರ್ಟನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆದಿಡದೆ, ಕಚೇರಿ ಒದಗಿಸುವ ವಿಪಿಎನ್ ಮೂಲಕವೇ ಸಂಪರ್ಕಿಸಬೇಕು. ಕಿಟಕಿಯನ್ನು ಮುಚ್ಚಿದರೆ ಸಂಪರ್ಕ ಕಡಿಯುತ್ತದೆಯೇ ವಿನಾ ಕೆಲಸ ಮುಗಿಯುವುದಿಲ್ಲ. ಕಡತಗಳು ಅಲ್ಲಿ ತೆರೆದೇ ಇರುತ್ತವೆ. ಮಕ್ಕಳೂ ಬಳಸುವ ಯಂತ್ರದಲ್ಲಿ ಗುಪ್ತಪದ ಉಳಿಸದೆ, ಕೆಲಸದ ಕೊನೆಗೆ ‘ಸೈನ್ ಔಟ್’ ಮಾಡುವುದು ಕ್ಷೇಮ.

ಯಂತ್ರದ ಈ ವಿವರಗಳನ್ನು ಮನೆಮಾತಿನಲ್ಲಿ ಓದಿ ತಿಳಿದ ಪೋಷಕರು ಮಕ್ಕಳಿಗೂ ಕಲಿಸಬಲ್ಲರು. ತಂತ್ರಜ್ಞಾನ ಕಲಿಯಲು ಕನ್ನಡ ಅಡ್ಡಿಯೆಂಬ ಮಾತಿಗೆ ನಾವು ಕೊಡಬಹುದಾದ ಉತ್ತರವೂ ಅದೇ.