ಸ್ವಂತ ದುಡ್ಡಿನ ಕಾದಂಬರಿ: 1891ರ ತಿರುವನಂತಪುರದಿಂದ ಇವತ್ತಿನ ಕೊಚ್ಚಿವರೆಗೆ

(ವಿಡಿಯೋ ನೋಡೋಕೆ ಸಮಯ ಸಿಗದವರಿಗಾಗಿ ಈ ಸಂಚಿಕೆಯ ಮಾತುಗಳ ಬರಹ ರೂಪ. ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ, ಉಳಿದದ್ದು ಮಾತಾಡಿದ ಹಾಗೇ ಇದೆ.)

ಇವತ್ತಿನ ಮಾತು ಶುರುವಾಗೋದು ಒಂದು ಪತ್ರದಿಂದ. ಕೊಚ್ಚಿಯ ಕಾಕ್ಕನಾಡಿನಲ್ಲಿ ಕೆಲಸ ಮಾಡುವ ನಮ್ಮ ವೀಕ್ಷಕರೊಬ್ಬರು ಬರೆದಿದ್ದಾರೆ. ನಾಲ್ಕು ವರ್ಷ ಕೂತು ಒಂದು ಐತಿಹಾಸಿಕ ಕಾದಂಬರಿ ಮುಗಿಸಿದ್ದಾರಂತೆ, ಪೋರ್ಚುಗೀಸರ ಕಾಲದ ಕೊಚ್ಚಿಯ ಕಥೆ, ಕನ್ನಡದಲ್ಲಿ. ಈಗ ಪುಸ್ತಕ ಮಾಡಿಕೊಡ್ತೀವಿ ಅಂತ ಒಂದು ಕಂಪನಿ ಮುಂದೆ ಬಂದಿದೆ. ದುಡ್ಡು ಇವರೇ ಕೊಡಬೇಕು, ಜೊತೆಗೆ ಎಲ್ಲಾ ಹಕ್ಕುಗಳನ್ನೂ ಬರೆದುಕೊಡಬೇಕು. ಅವರು ಎರಡು ಪ್ರಶ್ನೆ ಕೇಳಿದ್ದಾರೆ. ಒಂದು, ಸ್ವಂತ ದುಡ್ಡು ಹಾಕಿ ಪುಸ್ತಕ ತರೋದು ಮರ್ಯಾದೆಯ ಕೆಲಸಾನಾ? ಎರಡು, ನಾನು ಹೊರಗಿನವನು, ಈ ಊರಿನ ಚರಿತ್ರೆಯನ್ನ ನಾನು ಬರೀಬಹುದಾ?

ಎರಡಕ್ಕೂ ಉತ್ತರ ಅವರು ಇರುವ ನಾಡಿನಲ್ಲೇ ಸಿಗುತ್ತೆ. ಅದಕ್ಕೆ ನಾವು 1891ಕ್ಕೆ, ತಿರುವನಂತಪುರಕ್ಕೆ ಹೋಗಬೇಕು.

ಪ್ರಕಾಶಕರು: ಲೇಖಕರೇ

ಸಿ.ವಿ. ರಾಮನ್ ಪಿಳ್ಳೆ ಹುಟ್ಟಿದ್ದು 1858ರಲ್ಲಿ. ಬಿ.ಎ. ಪಾಸು ಮಾಡಿ ತಿರುವಾಂಕೂರು ಸರ್ಕಾರದ ನೌಕರಿಗೆ ಸೇರಿದವರು. ಅಂದ್ರೆ ನಮ್ಮ ನಿಮ್ಮ ಹಾಗೆ ಹಗಲು ಆಫೀಸು, ಉಳಿದ ಹೊತ್ತಿನಲ್ಲಿ ಬರವಣಿಗೆ. ಅವರ ಮೊದಲ ಕಾದಂಬರಿ 'ಮಾರ್ತಾಂಡವರ್ಮ' 1891ರಲ್ಲಿ ಬಂತು. ಮಲಯಾಳಂನ ಮೊದಲ ಐತಿಹಾಸಿಕ ಕಾದಂಬರಿ ಅದು. ಅಚ್ಚಾಗಿದ್ದು ಮದ್ರಾಸಿನ ಅಡಿಸನ್ ಕಂಪನಿಯಲ್ಲಿ. ಪ್ರಕಾಶಕರು ಯಾರು? ಲೇಖಕರೇ. ಇವತ್ತು ಕೇರಳದಲ್ಲಿ ಶಾಲೆಗೆ ಹೋದ ಯಾರನ್ನಾದರೂ ಕೇಳಿ, ಈ ಹೆಸರು ಗೊತ್ತಿರುತ್ತೆ. ಅಂಥ ಪುಸ್ತಕ ಶುರುವಾಗಿದ್ದು ಈಗ ನಾವು ಸೆಲ್ಫ್ ಪಬ್ಲಿಷಿಂಗ್ ಅಂತ ಸ್ವಲ್ಪ ಮೂಗು ಮುರಿದು ಕರೆಯುವ ದಾರಿಯಲ್ಲೇ.

ಅದಕ್ಕೂ ಎರಡು ವರ್ಷ ಮೊದಲು, 1889ರಲ್ಲಿ, ಮಲಬಾರಿನಲ್ಲಿ ಮುನ್ಸೀಫರಾಗಿದ್ದ ಓ. ಚಂದು ಮೇನೋನ್ 'ಇಂದುಲೇಖಾ' ತಂದಿದ್ದರು. ಅದರ ಮೊದಲ ಮುದ್ರಣ ಮೂರು ತಿಂಗಳಲ್ಲಿ ಖಾಲಿಯಾಯಿತು. ಓದುಗರು ಇದ್ದಾರೆ ಅಂತ ಆಗಲೇ ಗೊತ್ತಾಗಿತ್ತು. ಅವರ ಕೈಗೆ ಪುಸ್ತಕ ಮುಟ್ಟಿಸುವ ವ್ಯವಸ್ಥೆ ಮಾತ್ರ ಇನ್ನೂ ಇರಲಿಲ್ಲ.

ಕಥೆ ಏನು? ನೀವು ತಿರುವನಂತಪುರದಿಂದ ಕನ್ಯಾಕುಮಾರಿಗೆ ಹೋಗುವಾಗ ಪದ್ಮನಾಭಪುರ ಅರಮನೆ ನೋಡಿರ್ತೀರಿ. ಈಗ ತಮಿಳುನಾಡಿನೊಳಗಿದೆ, ನೋಡಿಕೊಳ್ಳೋದು ಕೇರಳ ಸರ್ಕಾರ. ಕಾದಂಬರಿ ನಡೆಯೋದು ಆ ಸೀಮೆಯಲ್ಲೇ, 1729ರಲ್ಲಿ ಮಾರ್ತಾಂಡವರ್ಮ ಪಟ್ಟಕ್ಕೆ ಬರುವ ಆಸುಪಾಸಿನ ವರ್ಷಗಳಲ್ಲಿ. ಅಲ್ಲಿ ರಾಜ್ಯ ಹೋಗೋದು ಮಗನಿಗಲ್ಲ, ಸೋದರಳಿಯನಿಗೆ. ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಇದನ್ನ ವಿವರಿಸಬೇಕಾಗಿಲ್ಲ, ನಮ್ಮ ಅಳಿಯಸಂತಾನದ ಹಾಗೇ. ರಾಜನ ಗಂಡುಮಕ್ಕಳಾದ ತಂಬಿಯರು ಇದನ್ನ ಒಪ್ಪೋದಿಲ್ಲ. 'ಎಟ್ಟುವೀಟ್ಟಿಲ್ ಪಿಳ್ಳಮಾರ್', ಅಂದ್ರೆ ಎಂಟು ಮನೆತನದ ಪಿಳ್ಳೆಯರು, ತಂಬಿಯರ ಜೊತೆ ಸೇರಿಕೊಳ್ತಾರೆ. ಯುವರಾಜ ತಲೆತಪ್ಪಿಸಿಕೊಂಡು ತಿರುಗಬೇಕಾಗುತ್ತೆ. ಅವನನ್ನ ಕಾಪಾಡುವವರಲ್ಲಿ ಸುಭದ್ರೆ ಅಂತ ಒಬ್ಬಳು ಹೆಣ್ಣು ಇದ್ದಾಳೆ, ಎದುರು ಪಕ್ಷದ ಮನೆಯವಳೇ. ಕೊನೆಗೆ ಅವಳ ಸೋದರಮಾವನೇ ಅವಳನ್ನ ಕೊಲ್ಲುತ್ತಾನೆ.

ಈ ಕಥೆ ಬಂದ ವರ್ಷವನ್ನ ಸ್ವಲ್ಪ ಗಮನಿಸಿ. ಅದೇ 1891ರಲ್ಲಿ ತಿರುವಾಂಕೂರಿನ ಮಹಾರಾಜರಿಗೆ 'ಮಲಯಾಳಿ ಮೆಮೋರಿಯಲ್' ಅನ್ನುವ ಮನವಿ ಸಲ್ಲಿಕೆಯಾಯಿತು. 10,000ಕ್ಕೂ ಹೆಚ್ಚು ಸಹಿಗಳಿದ್ದ ಮನವಿ. ದೊಡ್ಡ ಹುದ್ದೆಗಳೆಲ್ಲ ಹೊರಗಿನಿಂದ ಬಂದ ಬ್ರಾಹ್ಮಣರ ಪಾಲಾಗ್ತಿವೆ, ಈ ನೆಲದ ಮಕ್ಕಳಿಗೆ ಕೊಡಿ ಅನ್ನೋದು ಅದರ ಬೇಡಿಕೆ. ಅದರ ಹಿಂದೆ ಓಡಾಡಿದವರಲ್ಲಿ ಸಿ.ವಿ. ಕೂಡ ಒಬ್ಬರು. ಬೆಂಗಳೂರಿನಲ್ಲಿ ಯಾರಿಗೆ ಕೆಲಸ ಅಂತ ನಡೆಯುವ ಜಗಳ ಕೇಳಿದವರಿಗೆ, ಇಲ್ಲಿ ಬಂದು ತಾವೇ 'ಹೊರಗಿನವರು' ಆದವರಿಗೆ, ಈ ಮಾತು ಹೊಸದಲ್ಲ. 160 ವರ್ಷ ಹಿಂದಿನ ರಾಜನ ಕಥೆಯೊಳಗೆ ಆವತ್ತಿನ ಪ್ರಶ್ನೆಯೂ ಇತ್ತು: ಈ ನಾಡು ಯಾರದ್ದು, ಇದನ್ನ ಕಟ್ಟಿದವರು ಯಾರು? ಜನರ ಮನಸ್ಸಿನಲ್ಲಿ ಆ ಎಂಟು ಮನೆಯವರು ಇವತ್ತಿಗೂ ಖಳನಾಯಕರಾಗಿ ಉಳಿದಿದ್ದರೆ ಅದರಲ್ಲಿ ಈ ಕಾದಂಬರಿಯ ಪಾಲು ದೊಡ್ಡದು. ಐತಿಹಾಸಿಕ ಕಾದಂಬರಿ ಬರೆಯುವವರ ಮೇಲಿರುವ ಹೊಣೆ ಅಷ್ಟು ಭಾರ. ಇದಕ್ಕೆ ಕೊನೆಯಲ್ಲಿ ಮತ್ತೆ ಬರ್ತೀನಿ.

ಡಬ್ಬಿಯೊಳಗೆ ಉಳಿದ ಸಿನಿಮಾ

ಸಿ.ವಿ. 1922ರಲ್ಲಿ ತೀರಿಕೊಂಡರು. 1933ರಲ್ಲಿ ಆರ್. ಸುಂದರರಾಜ್ ಅನ್ನುವವರು 'ಮಾರ್ತಾಂಡವರ್ಮ'ವನ್ನ ಮೂಕಿ ಚಿತ್ರ ಮಾಡಿದರು. ನಿರ್ದೇಶನ ಪಿ.ವಿ. ರಾವ್. ಮಲಯಾಳಂನ ಎರಡನೇ ಸಿನಿಮಾ ಅದು. ಆದರೆ ಕಾದಂಬರಿಯ ಹಕ್ಕು ಆಗ ತಿರುವನಂತಪುರದ ಕಮಲಾಲಯ ಬುಕ್ ಡಿಪೋ ಬಳಿ ಇತ್ತು. ನಮ್ಮನ್ನ ಕೇಳದೆ ಸಿನಿಮಾ ಮಾಡಿದ್ದೀರಿ ಅಂತ ಅವರು ಕೋರ್ಟಿಗೆ ಹೋದರು. ಚಿತ್ರಮಂದಿರದಿಂದ ಸಿನಿಮಾ ಇಳಿಯಿತು, ಪ್ರತಿ ಜಪ್ತಿಯಾಯಿತು, ನಿರ್ಮಾಪಕರು ನಷ್ಟಕ್ಕೆ ಬಿದ್ದರು. ಭಾರತದಲ್ಲಿ ಕೃತಿಸ್ವಾಮ್ಯಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿಸಿಕೊಂಡ ಮೊದಮೊದಲ ಸಿನಿಮಾಗಳಲ್ಲಿ ಇದೂ ಒಂದು.

ತಮಾಷೆ ನೋಡಿ. ಮಲಯಾಳಂನ ಮೊದಲ ಸಿನಿಮಾ, ಜೆ.ಸಿ. ಡೇನಿಯಲ್ ಅವರ 'ವಿಗತಕುಮಾರನ್', ಅದರ ಒಂದು ಪ್ರತಿಯೂ ಉಳಿದಿಲ್ಲ. ಜಪ್ತಿಯಾದ ಈ ಸಿನಿಮಾ ಪುಸ್ತಕದ ಡಿಪೋದಲ್ಲಿ ಬಿದ್ದುಕೊಂಡು ಬದುಕಿತು. 1974ರಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅದನ್ನ ಪಡೆದುಕೊಂಡಿತು.

ಈ ಕಥೆ ಯಾಕೆ ಹೇಳಿದೆ ಅಂದ್ರೆ, ಬರೆಯುವಾಗ ನಮಗೆ ಕಾಣೋದು ಪುಸ್ತಕ ಮಾತ್ರ. ನಲವತ್ತು ವರ್ಷ ಆದಮೇಲೆ ಅದೇ ಕಥೆ ಬೇರೆ ರೂಪದಲ್ಲಿ ಬಂದು ನಿಲ್ಲಬಹುದು. ಸಿ.ವಿ. ಬರೆಯುವಾಗ ಸಿನಿಮಾ ಅನ್ನೋದೇ ಹುಟ್ಟಿರಲಿಲ್ಲ! ಆವತ್ತಿಗೆ ಹಕ್ಕು ಯಾರ ಕೈಯಲ್ಲಿದೆ ಅನ್ನೋದು ನೀವು ಇವತ್ತು ಹಾಕುವ ಸಹಿಯಿಂದ ತೀರ್ಮಾನವಾಗುತ್ತೆ.

ಎರ್ನಾಕುಳಂನಲ್ಲಿ ಪುಸ್ತಕ ಹೊತ್ತವರು

ಈಗ ಕೊಚ್ಚಿಗೆ ಬರೋಣ. ವೈಕಂ ಮುಹಮ್ಮದ್ ಬಷೀರ್ ಐತಿಹಾಸಿಕ ಕಾದಂಬರಿಕಾರರಲ್ಲ, ಆದರೆ ಸ್ವತಂತ್ರ ಪ್ರಕಟಣೆ ಅಂದ್ರೆ ಅವರನ್ನ ಬಿಟ್ಟು ಮಾತಾಡೋಕೆ ಆಗಲ್ಲ. ತಮ್ಮ ಪುಸ್ತಕಗಳನ್ನ ಎರ್ನಾಕುಳಂನಲ್ಲಿ ತಾವೇ ಹೊತ್ತು, ಮನೆಮನೆಗೆ, ದೋಣಿಯಲ್ಲಿ ಹೋಗುವವರ ಬಳಿಗೆ, ಮಾರಿಕೊಂಡು ಬಂದವರು. ಆಮೇಲೆ ಅಲ್ಲೇ ಪುಸ್ತಕದ ಅಂಗಡಿ ಇಟ್ಟರು, ಮೊದಲು ಸರ್ಕಲ್ ಬುಕ್ ಹೌಸ್, ನಂತರ ಬಷೀರ್ಸ್ ಬುಕ್ ಸ್ಟಾಲ್. 'ಬಾಲ್ಯಕಾಲಸಖಿ' ಬರೆದ ಮನುಷ್ಯ ಗಲ್ಲಾದಲ್ಲಿ ಕೂತು ಪುಸ್ತಕ ಮಾರ್ತಿದ್ದರು.

ನಮ್ಮ ಗಳಗನಾಥರು ನೆನಪಾಗ್ತಾರಲ್ವಾ? 'ಮಾಧವ ಕರುಣಾವಿಲಾಸ'ದಂಥ ವಿಜಯನಗರದ ಕಾದಂಬರಿ ಬರೆದು, ಪುಸ್ತಕಗಳನ್ನ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು ಅಂತ ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಹೇಳ್ತಾರೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿ, ತಾವೇ ಅಚ್ಚು ಹಾಕಿ, ಪುಸ್ತಕ ಹೊರತಂದರು. ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕ ಹಾಗಾಯ್ತು. ಸ್ವಂತ ದುಡ್ಡು ಹಾಕೋದು ಅವಮಾನ ಅಲ್ಲ. ಆದರೆ ಒಂದು ವ್ಯತ್ಯಾಸ ಇದೆ, ಅದನ್ನ ಮರೀಬೇಡಿ: ಇವರೆಲ್ಲ ದುಡ್ಡನ್ನೂ ಹಾಕಿದರು, ಪುಸ್ತಕವನ್ನೂ ತಮ್ಮದಾಗಿಯೇ ಇಟ್ಟುಕೊಂಡರು. ದುಡ್ಡು ನಿಮ್ಮದು, ಹಕ್ಕು ಇನ್ನೊಬ್ಬರದು ಅನ್ನೋದು ಆ ದಾರಿ ಅಲ್ಲ.

ರೈಲಿನ ಮಧ್ಯದ ಊರು

ಕೊಚ್ಚಿಯಿಂದ ತಿರುವನಂತಪುರಕ್ಕೆ ರೈಲಿನಲ್ಲಿ ಹೋದರೆ ದಾರಿಯಲ್ಲಿ ಕೊಟ್ಟಾಯಂ ಸಿಗುತ್ತೆ. 1945ರಲ್ಲಿ ಅಲ್ಲಿ 12 ಜನ ಲೇಖಕರು ಸೇರಿ 120 ರೂಪಾಯಿ ಬಂಡವಾಳದಲ್ಲಿ ಒಂದು ಸಹಕಾರ ಸಂಘ ಮಾಡಿದರು. ಹೆಸರು ಸಾಹಿತ್ಯ ಪ್ರವರ್ತಕ ಸಹಕರಣ ಸಂಘಂ. ಎಂ.ಪಿ. ಪಾಲ್ ಅಧ್ಯಕ್ಷರು, ಕಾರೂರು ನೀಲಕಂಠ ಪಿಳ್ಳೆ ಕಾರ್ಯದರ್ಶಿ. ಮೊದಲ ಪುಸ್ತಕ ತಕಳಿ ಶಿವಶಂಕರ ಪಿಳ್ಳೆಯವರ ಕಥೆಗಳು. ಲೇಖಕರಿಗೆ ಶೇಕಡಾ 30 ಗೌರವಧನ ಕೊಟ್ಟ ಸಂಘ ಅದು. ಇವತ್ತು ಶೇಕಡಾ 10 ಸಿಕ್ಕರೆ ಖುಷಿಪಡುವ ನಮಗೆ ಆ ಅಂಕಿ ಕನಸಿನ ಹಾಗಿದೆ. ಹಾಲಿನ ಸೊಸೈಟಿಯಲ್ಲಿ ರೈತರು ಮಾಡುವುದನ್ನೇ ಇವರು ಪುಸ್ತಕದಲ್ಲಿ ಮಾಡಿದರು: ಬೆಳೆದವರೇ ಮಾರಾಟದ ಒಡೆಯರು. ಒಬ್ಬೊಬ್ಬರೇ ಹೊತ್ತು ಸುಸ್ತಾದಾಗ ಕೂಡಿ ಹೊರಬಹುದು ಅನ್ನೋ ಪಾಠ ಅಲ್ಲಿದೆ.

ಈಗಿನ ಕಾಲದ ಕನ್ನಡದ ಉದಾಹರಣೆ ಬೇಕಾ? ವಸುಧೇಂದ್ರ. ವರ್ಷಾನುಗಟ್ಟಲೆ ಸಾಫ್ಟ್‌ವೇರ್ ಕೆಲಸ ಮಾಡಿದವರು, ನಮ್ಮವರೇ. 'ಛಂದ ಪುಸ್ತಕ' ಅಂತ ಸ್ವಂತ ಪ್ರಕಾಶನ ಕಟ್ಟಿದರು, ಅದರಲ್ಲಿ ಹೊಸಬರ ಪುಸ್ತಕಗಳನ್ನೂ ತಂದರು. 2019ರಲ್ಲಿ ಅಲ್ಲಿಂದಲೇ 'ತೇಜೋ ತುಂಗಭದ್ರಾ' ಬಂತು. ಲಿಸ್ಬನ್ನಿನ ತೇಜೋ ನದಿ ದಂಡೆ, ವಿಜಯನಗರದ ತುಂಗಭದ್ರೆ ದಂಡೆ, ನಡುವೆ ಪೋರ್ಚುಗೀಸ್ ಹಡಗುಗಳು. ಓದುಗರು ಮುಗಿಬಿದ್ದು ಓದಿದರು, ಇಂಗ್ಲಿಷಿಗೂ ಹೋಯಿತು. ದಪ್ಪ ಐತಿಹಾಸಿಕ ಕಾದಂಬರಿಯನ್ನ ಈಗ ಯಾರು ಓದ್ತಾರೆ ಅನ್ನೋರಿಗೆ ಅದೇ ಉತ್ತರ.

ಸಹಿ ಹಾಕುವ ಮುಂಚೆ

ನಮ್ಮ ವೀಕ್ಷಕರಿಗೆ ಒಂದು ಕೆಲಸದ ಮಾತು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು, ಸಹಿಯೂ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ ಐದು ವರ್ಷ ಅಂತಲೇ ಲೆಕ್ಕ. ಯಾವ ಪ್ರದೇಶ ಅಂತ ಇಲ್ಲದಿದ್ದರೆ ಭಾರತ ಮಾತ್ರ. ಆದರೆ 'ಪೂರ್ತಿ ಅವಧಿಗೆ' ಅಂತ ಒಪ್ಪಂದದಲ್ಲಿ ಬರೆದಿದ್ದು, ನೀವು ಓದದೆ ಸಹಿ ಹಾಕಿದರೆ? ಆ ಅವಧಿ ನಿಮ್ಮ ಜೀವಮಾನ, ಆಮೇಲೆ ಇನ್ನೂ 60 ವರ್ಷ. ಮೊಮ್ಮಕ್ಕಳ ಕಾಲದವರೆಗೆ. ಆಫೀಸಿನಲ್ಲಿ ಒಂದು ಸಣ್ಣ ಕರಾರನ್ನೂ ಸಾಲುಸಾಲು ಓದುವ ನಾವು, ನಮ್ಮದೇ ಪುಸ್ತಕ ಅಂದಾಗ ಆಸೆಗೆ ಕಣ್ಣು ಮುಚ್ಚಿ ಸಹಿ ಹಾಕಬಾರದು. ಮುದ್ರಣ, ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ: ಒಂದೊಂದನ್ನೂ ಬೇರೆಬೇರೆಯಾಗಿ ಕೇಳಿ. ಮುದ್ರಣಕ್ಕೆ ದುಡ್ಡು ನೀವೇ ಕೊಡೋದಾದ್ರೆ ಅದು ಮುದ್ರಣದ ಬಿಲ್ಲು ಅಷ್ಟೇ, ಹಕ್ಕು ಬಿಟ್ಟುಕೊಡುವ ಕಾರಣ ಅಲ್ಲ.

ಹೊರಗಿನವರು ಬರೀಬಹುದಾ?

ಎರಡನೇ ಪ್ರಶ್ನೆಗೆ ಬರ್ತೀನಿ. ಇದಕ್ಕೆ ಒಂದು ಹೆಸರು ಸಾಕು: ನಿರಂಜನ. ಕುಳಕುಂದದ ಶಿವರಾಯ, ಓದಿದ್ದು ನೀಲೇಶ್ವರದಲ್ಲಿ. ಹತ್ತಿರದ ಕಯ್ಯೂರಿನಲ್ಲಿ 1941ರಲ್ಲಿ ರೈತರ ಹೋರಾಟದ ನಡುವೆ ಒಬ್ಬ ಪೊಲೀಸ್ ಸತ್ತ. ಆ ಪ್ರಕರಣದಲ್ಲಿ ನಾಲ್ಕು ಯುವಕರನ್ನ 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಅದರ ಮೇಲೆ ನಿರಂಜನ ಬರೆದ 'ಚಿರಸ್ಮರಣೆ' 1955ರಲ್ಲಿ ಬಂತು. ಕನ್ನಡದಲ್ಲಿ! ಮಲಯಾಳಂಗೆ ಹೋದಮೇಲೆ ಕೇರಳದ ಜನ ಅದನ್ನ ತಮ್ಮದೇ ಪುಸ್ತಕದ ಹಾಗೆ ಓದಿದರು. ಇವರು ಹೊರಗಿನವರು ಅಂತ ಬದಿಗಿಡಲಿಲ್ಲ. ಆ ನೆಲದಲ್ಲಿ ಬೆಳೆದು, ಅಲ್ಲಿನ ಮಾತು ಕಲಿತು, ಅಲ್ಲಿನವರ ನೋವು ತಿಳಿದು ಬರೆದಿದ್ದರು, ಅದಕ್ಕೇ.

ಕೊಚ್ಚಿಯ ಚರಿತ್ರೆ ಬರೀತೀವಿ ಅಂದ್ರೆ ಫೋರ್ಟ್ ಕೊಚ್ಚಿಯಲ್ಲಿ ಒಂದು ಭಾನುವಾರ ಸುತ್ತಾಡಿದರೆ ಸಾಲದು. ವಾಸ್ಕೋ ಡ ಗಾಮ 1524ರಲ್ಲಿ ಕೊಚ್ಚಿಯಲ್ಲೇ ಸತ್ತ, ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಹೂಳಿದರು, ಆಮೇಲೆ ಅಸ್ಥಿಯನ್ನ ಪೋರ್ಚುಗಲ್ಲಿಗೆ ಒಯ್ದರು. ಇದನ್ನ ಗೈಡ್ ಕೂಡ ಹೇಳ್ತಾನೆ. ಆ ಹಡಗಿಗೆ ಮೆಣಸಿನ ಮೂಟೆ ಹೊತ್ತವರ ಮನೆಯಲ್ಲಿ ರಾತ್ರಿ ಏನು ಮಾತಾಡ್ತಿದ್ದರು ಅನ್ನೋದನ್ನ ಗೈಡ್ ಹೇಳಲ್ಲ. ಅದಕ್ಕೆ ಮಲಯಾಳಂ ಓದೋಕೆ ಕಲೀಬೇಕು, ಇಲ್ಲಿನವರ ಜೊತೆ ಕೂರಬೇಕು. ಎನ್.ಎಸ್. ಮಾಧವನ್ ಡಚ್ಚರ ಹೆಸರು ಹೊತ್ತ ಒಂದು ಪುಟ್ಟ ದ್ವೀಪದ ಕಥೆ ಹೇಳಿ ಈ ಕೊಚ್ಚಿಯ ಬಗ್ಗೆ 'ಲಂದನ್ ಬತ್ತೇರಿಯಿಲೆ ಲುತ್ತಿನಿಯಗಳ್' ಬರೆದಿದ್ದಾರೆ. ಅದನ್ನ ಒಮ್ಮೆ ಓದಿ, ಆಮೇಲೆ ನಿಮ್ಮ ಹಸ್ತಪ್ರತಿ ಇನ್ನೊಮ್ಮೆ ತೆಗೀರಿ.

ಸಿ.ವಿ. ವಿಷಯದಲ್ಲಿ ಹೊಣೆಯ ಮಾತು ಹೇಳಿದ್ದೆ. ನೀವು ಯಾರನ್ನ ಖಳನಾಯಕ ಮಾಡ್ತೀರೋ ಅವರ ಮರಿಮಕ್ಕಳು ಇದೇ ಊರಲ್ಲಿ, ಬಹುಶಃ ನಿಮ್ಮ ಪಕ್ಕದ ಫ್ಲಾಟಿನಲ್ಲೇ ಇರ್ತಾರೆ. ಅವರೂ ಓದಿ 'ಇದು ನಮ್ಮ ಕಥೆ' ಅನ್ನಬಹುದಾದ ಹಾಗೆ ಬರೆದರೆ, ಹೊರಗಿನವರು ಅನ್ನೋ ಪ್ರಶ್ನೆ ಯಾರೂ ಎತ್ತೋದಿಲ್ಲ.

ಆ ಒಪ್ಪಂದಕ್ಕೆ ಈಗಲೇ ಸಹಿ ಹಾಕಬೇಡಿ ಸರ್. ಹಸ್ತಪ್ರತಿ ಮುಗಿಸೋಕೆ ನಾಲ್ಕು ವರ್ಷ ಕೊಟ್ಟಿದ್ದೀರಿ, ಕಾಗದ ಓದೋಕೆ ಇನ್ನೊಂದು ತಿಂಗಳು ಕೊಡಿ. ಪುಸ್ತಕ ಬಂದಾಗ ಮೊದಲ ಪ್ರತಿಗೆ ದುಡ್ಡು ಕೊಟ್ಟು ತಗೊಳ್ಳೋಕೆ ನಾನಿದ್ದೀನಿ.