ವಾಹನ ತೊಳೆಸುವಾಗ ಉಂಟಾಗುವ ಹಾನಿ: ಹೊಣೆ ಯಾರದು, ಪರಿಹಾರ ಪಡೆಯುವ ಕ್ರಮವೇನು
(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಆಯುಧಪೂಜೆಯ ಮುನ್ನಾ ದಿನಗಳಲ್ಲಿ ವಾಟರ್ ಸರ್ವಿಸ್ ಕೇಂದ್ರಗಳ ಮುಂದೆ ವಾಹನಗಳು ಸಾಲುಗಟ್ಟಿ ನಿಲ್ಲುವುದು ಎಲ್ಲರಿಗೂ ತಿಳಿದ ಸಂಗತಿ. ಕೆಲಸದ ಒತ್ತಡವಿರುವ ಇಂತಹ ದಿನಗಳಲ್ಲಿ ಬಣ್ಣ ಕಿತ್ತುಬರುವುದು, ಕನ್ನಡಿ ಮುರಿಯುವುದು, ವಿದ್ಯುತ್ ಭಾಗಗಳಿಗೆ ನೀರು ನುಗ್ಗಿ ಎಂಜಿನ್ ಚಾಲನೆಗೊಳ್ಳದಿರುವುದು ಮುಂತಾದ ಹಾನಿಗಳು ಸಂಭವಿಸಬಹುದು. ಅಂತಹ ಸಂದರ್ಭದಲ್ಲಿ ಹಾನಿಯ ಹೊಣೆ ಯಾರದು ಮತ್ತು ಪರಿಹಾರವನ್ನು ಯಾವ ಪ್ರಾಧಿಕಾರದ ಮುಂದೆ ಕೋರಬೇಕು ಎಂಬ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

ಕೀಲಿ ಕೊಟ್ಟ ನಂತರದ ಹೊಣೆ

ವಾಹನ ಮಾಲೀಕರು ತೊಳೆಸುವ ಉದ್ದೇಶಕ್ಕಾಗಿ ಕೀಲಿಯನ್ನು ಕೇಂದ್ರದವರ ಕೈಗೆ ಒಪ್ಪಿಸಿದೊಡನೆ ವಾಹನವು ಅವರ ವಶಕ್ಕೆ ಹೋದಂತಾಗುತ್ತದೆ. ಒಂದು ಗೊತ್ತಾದ ಉದ್ದೇಶಕ್ಕೆ ವಸ್ತುವನ್ನು ವಶಕ್ಕೆ ಕೊಟ್ಟು, ಆ ಉದ್ದೇಶ ಮುಗಿದ ನಂತರ ಹಿಂದಕ್ಕೆ ಪಡೆಯುವ ಈ ವ್ಯವಹಾರವನ್ನು ಭಾರತೀಯ ಕರಾರು ಅಧಿನಿಯಮ, 1872ರಲ್ಲಿ ಬೈಲ್‌ಮೆಂಟ್ ಎಂದು ಕರೆಯಲಾಗಿದೆ. ಸದರಿ ಅಧಿನಿಯಮದ 151ನೇ ಕಲಂ ಪ್ರಕಾರ, ಸಾಮಾನ್ಯ ವಿವೇಕವುಳ್ಳ ವ್ಯಕ್ತಿಯು ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರಿಕೆಯನ್ನು ವಶಕ್ಕೆ ಪಡೆದವರು ವಹಿಸತಕ್ಕದ್ದು. ಆ ಎಚ್ಚರಿಕೆಯನ್ನು ವಹಿಸಿದ್ದರೂ ಹಾನಿಯಾದಲ್ಲಿ, ವಿಶೇಷ ಕರಾರು ಇಲ್ಲದಿದ್ದರೆ, ಅವರು ಹೊಣೆಗಾರರಾಗುವುದಿಲ್ಲ (152ನೇ ಕಲಂ). ಅಂದರೆ ಹಾನಿಯಾಯಿತು ಎಂಬುದಷ್ಟೇ ಸಾಲದು. ಹಾನಿಗೆ ಅಜಾಗರೂಕತೆ ಕಾರಣವೇ ಎಂಬುದು ಮುಖ್ಯ ಪ್ರಶ್ನೆ.

ಬಿಸಿಯಾಗಿರುವ ಎಂಜಿನ್ ಮೇಲೆ ಅಧಿಕ ಒತ್ತಡದ ನೀರು ಹಾಯಿಸುವುದು, ವೈರಿಂಗ್ ಜೋಡಣೆಗಳನ್ನು ಮುಚ್ಚದೆ ನೀರು ಬಿಡುವುದು, ರೇಡಿಯೇಟರ್‌ನ ತೆಳು ರೆಕ್ಕೆಗಳಿಗೆ ತೀರ ಹತ್ತಿರದಿಂದ ನೀರು ಹೊಡೆಯುವುದು, ಮರಳು ಸಿಕ್ಕಿಕೊಂಡ ಸ್ಪಂಜಿನಿಂದ ಉಜ್ಜುವುದು ಇವೆಲ್ಲವೂ ಅಜಾಗರೂಕತೆಗೆ ಉದಾಹರಣೆಗಳು. ಚಾಸಿಗೆ ಡೀಸೆಲ್ ಸಿಂಪಡಿಸುವ ರೂಢಿಯೂ ಹಲವೆಡೆ ಇದೆ. ಡೀಸೆಲ್ ತಗುಲಿದ ರಬ್ಬರ್ ಬುಷ್‌ಗಳು ಉಬ್ಬಿ ಬೇಗನೆ ಸವೆಯುವುದರಿಂದ ಮಾಲೀಕರು ಅದನ್ನು ಬೇಡವೆಂದು ಮೊದಲೇ ತಿಳಿಸುವುದು ಲೇಸು.

ಕೆಲಸ ಮಾಡಿದವರು ದಿನಗೂಲಿ ಹುಡುಗರು ಎಂಬ ಕಾರಣದಿಂದ ಕೇಂದ್ರ ನಡೆಸುವವರು ಹೊಣೆಯಿಂದ ಪಾರಾಗಲಾರರು. ನೌಕರರು ಕೆಲಸದ ಅವಧಿಯಲ್ಲಿ, ಕೆಲಸದ ಭಾಗವಾಗಿ ಮಾಡಿದ ತಪ್ಪಿಗೆ ಮಾಲೀಕರೇ ಉತ್ತರದಾಯಿಗಳು. ದುರಸ್ತಿಗೆಂದು ಬಿಟ್ಟ ವಾಹನವನ್ನು ಗ್ಯಾರೇಜಿನವರು ತೊಳೆಯಲು ಬೇರೆಡೆಗೆ ಕಳುಹಿಸಿದ್ದಲ್ಲಿ, ಗ್ರಾಹಕರು ಗ್ಯಾರೇಜಿನವರನ್ನೇ ಕೇಳಬಹುದು.

ವಾಹನ ಮಾಲೀಕರ ಮೇಲೂ ಕರ್ತವ್ಯಗಳಿವೆ. ತಮಗೆ ತಿಳಿದಿರುವ ದೋಷವನ್ನು ಮುಂಚಿತವಾಗಿ ತಿಳಿಸತಕ್ಕದ್ದು (150ನೇ ಕಲಂ). ಅಪಘಾತದ ನಂತರ ಮರುಬಣ್ಣ ಬಳಿಸಿದ ಬಾಗಿಲು, ಬಿರುಕುಬಿಟ್ಟ ಗಾಜು, ಹೊರಗೆ ತೆರೆದುಕೊಂಡ ವೈರು ಇತ್ಯಾದಿಗಳನ್ನು ಹೇಳದೆ ಬಿಟ್ಟು, ನಂತರ ಅದೇ ಜಾಗದಲ್ಲಿ ಹಾನಿಯಾಯಿತೆಂದು ದೂರಿದರೆ ಆ ದೂರು ನಿಲ್ಲುವುದು ಕಷ್ಟ. ಮಾಲೀಕರು ಸ್ವತಃ ಕೆರೆ ಅಥವಾ ಹೊಳೆಯ ದಡದಲ್ಲಿ ವಾಹನ ತೊಳೆದುಕೊಂಡಲ್ಲಿ ಬೇರೆ ಯಾರ ಹೊಣೆಯೂ ಇರುವುದಿಲ್ಲ.

"ಹಾನಿಗೆ ನಾವು ಜವಾಬ್ದಾರರಲ್ಲ" ಎಂಬ ಫಲಕ

ಅನೇಕ ಕೇಂದ್ರಗಳಲ್ಲಿ ಇಂತಹ ಫಲಕವನ್ನು ಕಂಡು ಗ್ರಾಹಕರು ದೂರು ನೀಡುವ ಯೋಚನೆಯನ್ನೇ ಕೈಬಿಡುತ್ತಾರೆ. ಹಾಗೆ ಕೈಬಿಡಬೇಕಾಗಿಲ್ಲ. 1998ರಲ್ಲಿ ದೆಹಲಿಯ ಹೋಟೆಲೊಂದರಲ್ಲಿ ನಿಲುಗಡೆಗಾಗಿ ಸಿಬ್ಬಂದಿಗೆ ಒಪ್ಪಿಸಿದ್ದ ಮಾರುತಿ ಜೆನ್ ಕಾರು ಕಳುವಾಗಿತ್ತು. ನಿಲುಗಡೆ ಚೀಟಿಯ ಮೇಲೆ ಮಾಲೀಕರದೇ ಹೊಣೆ ಎಂದು ಮುದ್ರಿಸಲಾಗಿತ್ತು. ತಾಜ್ ಮಹಲ್ ಹೋಟೆಲ್ ಮತ್ತು ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಕಂಪನಿಯ ನಡುವಿನ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ನವೆಂಬರ್‌ನಲ್ಲಿ ತೀರ್ಪು ನೀಡಿ, ತನ್ನ ಅಥವಾ ತನ್ನ ನೌಕರರ ಅಜಾಗರೂಕತೆಯಿಂದಾದ ನಷ್ಟಕ್ಕೆ ಇಂತಹ ಷರತ್ತನ್ನು ಮುಂದೊಡ್ಡಿ ಹೋಟೆಲು ಹೊಣೆಯಿಂದ ತಪ್ಪಿಸಿಕೊಳ್ಳಲಾಗದೆಂದು ತಿಳಿಸಿತು. ವಾಹನವನ್ನು ಒಪ್ಪಿಸಿದ್ದು ಸಾಬೀತಾದ ಮೇಲೆ, ನಷ್ಟ ಹೇಗಾಯಿತೆಂದು ವಿವರಿಸುವ ಭಾರ ವಶಕ್ಕೆ ಪಡೆದವರ ಮೇಲೆ ಬೀಳುತ್ತದೆ ಎಂದೂ ಹೇಳಿತು. ಇದು ವಾಹನ ತೊಳೆಸಿದ ಪ್ರಕರಣವಲ್ಲವಾದರೂ, ಕೀಲಿ ಒಪ್ಪಿಸುವ ವ್ಯವಹಾರ ಎರಡರಲ್ಲಿಯೂ ಒಂದೇ ಬಗೆಯದು.

ಕೀಲಿ ಯಾರ ಕೈಗೆ ಕೊಡಲಾಗಿದೆ ಎಂಬುದು

ಈ ವಿಷಯಕ್ಕೆ ಸಾರ್ವಜನಿಕರು ವಿಶೇಷ ಗಮನ ನೀಡಬೇಕು. ತೊಳೆಯುವ ಹುಡುಗರು ವಾಹನವನ್ನು ಹೆದ್ದಾರಿಯ ಬದಿಯಿಂದ ಒಳಕ್ಕೆ, ಒಳಗಿನಿಂದ ರಸ್ತೆಗೆ ಚಲಾಯಿಸುವುದುಂಟು. ಚಾಲನಾ ಪರವಾನಗಿ ಇಲ್ಲದವರಿಗೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಚಲಾಯಿಸಲು ಬಿಟ್ಟ ಮಾಲೀಕರಿಗೆ ಮೋಟಾರು ವಾಹನಗಳ ಅಧಿನಿಯಮ, 1988ರ 180ನೇ ಕಲಂ ಅನ್ವಯ ಮೂರು ತಿಂಗಳವರೆಗೆ ಕಾರಾವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಚಲಾಯಿಸಿದವರು ಅಪ್ರಾಪ್ತ ವಯಸ್ಕರಾಗಿದ್ದಲ್ಲಿ 199ಎ ಕಲಂ ಅನ್ವಯ ಶಿಕ್ಷೆ ಇನ್ನೂ ಕಠಿಣವಾಗಿದ್ದು, ವಾಹನದ ನೋಂದಣಿಯನ್ನು ಹನ್ನೆರಡು ತಿಂಗಳು ರದ್ದುಪಡಿಸಲೂ ಅವಕಾಶವಿದೆ. ಆದುದರಿಂದ ವಾಹನವನ್ನು ತೊಳೆಯುವ ಜಾಗಕ್ಕೆ ಮಾಲೀಕರೇ ಕೊಂಡೊಯ್ದು ನಿಲ್ಲಿಸುವುದು ಕ್ಷೇಮ.

ಹಾನಿ ಕಂಡುಬಂದಾಗ

ವಾಹನವನ್ನು ಕೇಂದ್ರದ ಆವರಣದಿಂದ ಹೊರಗೆ ತರುವ ಮೊದಲೇ ಸುತ್ತಲೂ ಪರಿಶೀಲಿಸಬೇಕು. ಮನೆಗೆ ಹೋದ ಮೇಲೆ, ಅದರಲ್ಲೂ ಮರುದಿನ, ಗೀರು ತೋರಿಸಿದರೆ ಅದು ಎಲ್ಲಿ ಆಯಿತೆಂದು ಸಾಬೀತುಪಡಿಸುವುದು ದುಸ್ಸಾಧ್ಯ. ಒಪ್ಪಿಸುವ ಮುನ್ನ ನಾಲ್ಕು ಬದಿಯಿಂದ ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದಿಟ್ಟುಕೊಂಡಿದ್ದರೆ ಅರ್ಧ ವಿವಾದ ಅಲ್ಲಿಯೇ ಬಗೆಹರಿಯುತ್ತದೆ. ಹಾನಿಯ ವಿವರವನ್ನು ಬಿಲ್ಲಿನ ಮೇಲೆಯೇ ಬರೆಸಿ ಸಹಿ ಪಡೆಯುವುದು ಉತ್ತಮ.

ಸಣ್ಣ ಕೇಂದ್ರಗಳು ಬಿಲ್ಲು ನೀಡದಿದ್ದರೂ ಗ್ರಾಹಕರು ಕೇಳಿ ಪಡೆಯಬೇಕು. ನಿಯಮಾನುಸಾರ ಬಿಲ್ಲು ನೀಡದಿರುವುದನ್ನು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಲಾಗಿದೆ. ಬಿಲ್ಲು ಸಿಗದಿದ್ದಲ್ಲಿ ಯುಪಿಐ ಮೂಲಕ ಹಣ ಪಾವತಿಸಿದ ದಾಖಲೆಯು ಉಪಯೋಗಕ್ಕೆ ಬರುತ್ತದೆ. ಸಿಟ್ಟಿನಲ್ಲಿ ತೊಳೆದ ಹಣ ಕೊಡದೆ ಹೊರಡುವುದು ಸೂಕ್ತವಲ್ಲ. ಮಾಡಿದ ಕೆಲಸದ ಹಣ ಸಂದಾಯವಾಗುವವರೆಗೆ ವಾಹನವನ್ನು ಹಿಡಿದಿಟ್ಟುಕೊಳ್ಳಲು ಕರಾರು ಅಧಿನಿಯಮದ 170ನೇ ಕಲಂ ಅವಕಾಶ ನೀಡುತ್ತದೆ. ಆಕ್ಷೇಪಣೆ ಬರೆದು ಹಣ ಪಾವತಿಸಬಹುದು.

ಅಜಾಗರೂಕತೆಯಿಂದಾದ ಹಾನಿಯು ಸಾಮಾನ್ಯವಾಗಿ ಸಿವಿಲ್ ಸ್ವರೂಪದ್ದು. ಉದ್ದೇಶಪೂರ್ವಕವಾಗಿ ಹಾನಿ ಮಾಡಿದ್ದಲ್ಲಿ, ಅಥವಾ ವಾಹನ ಇಲ್ಲವೇ ಅದರೊಳಗಿನ ವಸ್ತು ಕಳುವಾಗಿದ್ದಲ್ಲಿ ಪೊಲೀಸ್ ಠಾಣೆಗೆ ದೂರು ನೀಡತಕ್ಕದ್ದು. ಸಮಗ್ರ ವಿಮೆ ಇರುವವರು ವಿಮಾ ಕಂಪನಿಗೆ ಕೂಡಲೇ ತಿಳಿಸಬಹುದು. ಆದರೆ ಅಲ್ಪ ಮೊತ್ತದ ಹಾನಿಗೆ ಕ್ಲೇಮು ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ತಪ್ಪಿಹೋಗುವುದನ್ನು ಲೆಕ್ಕ ಹಾಕಿ ನೋಡಬೇಕು. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದಲ್ಲಿ ಸ್ವಂತ ವಾಹನದ ಹಾನಿಗೆ ಹಣ ದೊರೆಯುವುದಿಲ್ಲ.

ದೂರು ಸಲ್ಲಿಸುವ ಕ್ರಮ

ಮೊದಲು ದುರಸ್ತಿಯ ಅಂದಾಜು ಪಟ್ಟಿಯೊಂದಿಗೆ ಕೇಂದ್ರದವರಿಗೆ ಅಂಚೆಯ ಮೂಲಕ ಲಿಖಿತ ನೋಟಿಸು ನೀಡುವುದು ಸೂಕ್ತ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಇತ್ಯರ್ಥವಾಗದಿದ್ದಲ್ಲಿ ಚಾಮರಾಜನಗರದಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಘಟನೆ ಬೇರೆ ಜಿಲ್ಲೆಯಲ್ಲಿ ನಡೆದಿದ್ದರೂ ದೂರುದಾರರು ಈ ಜಿಲ್ಲೆಯ ನಿವಾಸಿಗಳಾಗಿದ್ದಲ್ಲಿ ಇಲ್ಲಿಯೇ ದೂರು ನೀಡಲು 2019ರ ಅಧಿನಿಯಮದಲ್ಲಿ ಅವಕಾಶ ಕಲ್ಪಿಸಲಾಗಿದೆ. ಮೈಸೂರಿನಲ್ಲಿ ಕಾರು ತೊಳೆಸಿದ ಯಳಂದೂರಿನವರು ಮೈಸೂರಿಗೆ ಅಲೆಯಬೇಕಾಗಿಲ್ಲ.

ಪಾವತಿಸಿದ ಸೇವಾ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. ದೂರನ್ನು ಇ-ಜಾಗೃತಿ ಜಾಲತಾಣದ ಮೂಲಕ ಸಲ್ಲಿಸಬಹುದಾಗಿದ್ದು, ಸಕಾರಣವಿದ್ದಲ್ಲಿ ವಿಡಿಯೋ ಕಾನ್ಫರೆನ್ಸ್ ಮೂಲಕ ವಿಚಾರಣೆಗೆ ಹಾಜರಾಗಲು ಅರ್ಜಿ ಸಲ್ಲಿಸಬಹುದು. ಹನೂರು ತಾಲ್ಲೂಕಿನ ದೂರದ ಗ್ರಾಮಗಳವರಿಗೆ ಇದು ಅನುಕೂಲಕರ. ಹಾನಿಯಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಎದುರುದಾರರು ನೋಟಿಸು ತಲುಪಿದ 30 ದಿನಗಳೊಳಗೆ ಉತ್ತರಿಸಬೇಕು. ಆಯೋಗವು ಹೆಚ್ಚೆಂದರೆ ಇನ್ನೂ 15 ದಿನ ನೀಡಬಹುದು.

ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲು ಒಂದು ಆಟೋ ಅಥವಾ ಟ್ಯಾಕ್ಸಿ ಇಟ್ಟುಕೊಂಡವರು ತಮ್ಮ ದೂರಿನಲ್ಲಿ ಆ ಅಂಶವನ್ನು ಸ್ಪಷ್ಟವಾಗಿ ನಮೂದಿಸಬೇಕು. ವಾಣಿಜ್ಯ ಉದ್ದೇಶಕ್ಕಾಗಿ ಸೇವೆ ಪಡೆದವರು ಗ್ರಾಹಕರ ವ್ಯಾಖ್ಯೆಯಲ್ಲಿ ಬರುವುದಿಲ್ಲವಾದ್ದರಿಂದ, ಹಲವು ವಾಹನಗಳನ್ನು ಓಡಿಸುವ ಸಂಸ್ಥೆಗಳು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಸಂಪೂರ್ಣ ಉಚಿತವಾಗಿ ಪಡೆದ ಸೇವೆಗೂ ಈ ಅಧಿನಿಯಮ ಅನ್ವಯಿಸುವುದಿಲ್ಲ.

ದೂರಿನಲ್ಲಿ ಎದುರುದಾರರ ಹೆಸರು ಮತ್ತು ವಿಳಾಸ ಸರಿಯಾಗಿರಬೇಕು. ಫಲಕದ ಮೇಲೆ ದೇವರ ಹೆಸರು ಮಾತ್ರವಿದ್ದು, ನಡೆಸುವವರು ಯಾರೆಂದು ತಿಳಿಯದಿದ್ದಲ್ಲಿ ಸಂಬಂಧಪಟ್ಟ ಕೊಳ್ಳೇಗಾಲ ನಗರಸಭೆ, ಹನೂರು ಅಥವಾ ಯಳಂದೂರು ಪಟ್ಟಣ ಪಂಚಾಯಿತಿಯಲ್ಲಿ ಉದ್ದಿಮೆ ಪರವಾನಗಿಯ ವಿವರ ಕೇಳಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿದಲ್ಲಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ದೂರಿನ ಕರಡು ಸಿದ್ಧಪಡಿಸಲು ನೆರವು ಬೇಕಾದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಚಾಮರಾಜನಗರ ಇವರನ್ನು ಸಂಪರ್ಕಿಸಬಹುದು. ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಉಚಿತ ಕಾನೂನು ನೆರವು ಪಡೆಯಲು ಆದಾಯದ ಮಿತಿ ಇರುವುದಿಲ್ಲ.